ಹಳದೀಪುರದಿಂದ ಮಣಿಪಾಲಕ್ಕೆ ಐದು ತಾಸು: ನಮಗೆ ಸಿಕ್ಕ ತುರ್ತು ಸೇವೆಯ ವಿಮರ್ಶೆ

ರಾತ್ರಿ 7.40ಕ್ಕೆ ಮಾವ ರಸ್ತೆಯಲ್ಲಿ ಬಿದ್ದರು. ಆಪರೇಷನ್ ಶುರುವಾಗಿದ್ದು 1.20ಕ್ಕೆ. ನಡುವಿನ ಐದು ತಾಸು ನಲವತ್ತು ನಿಮಿಷದಲ್ಲಿ ನಮಗೆ ಸಿಕ್ಕ ಸೇವೆ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ಹೋಟೆಲಿಗೆ, ಫೋನಿಗೆ, ಫ್ರಿಜ್ಜಿಗೆ ಜನ ನಕ್ಷತ್ರ ಕೊಡುತ್ತಾರೆ. ಈ ಸೇವೆಯ ಬಗ್ಗೆ ಯಾರೂ ಕೂತು ಬರೆಯುವುದಿಲ್ಲ, ಯಾಕೆಂದರೆ ಅದನ್ನು ಬಳಸಿದವರ ಮನೆಯಲ್ಲಿ ಆಮೇಲೆ ಬರೆಯುವಷ್ಟು ಮನಸ್ಸು ಯಾರಿಗೂ ಉಳಿದಿರುವುದಿಲ್ಲ. ನಮ್ಮ ಮಾವ ಬದುಕಿದ್ದಾರೆ. ಅದಕ್ಕೇ ನನಗೆ ಬರೆಯಲು ಆಗುತ್ತಿದೆ.

ನಮ್ಮ ಮನೆ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಹತ್ತಿರ, ಕುಮಟಾ ಮತ್ತು ಹೊನ್ನಾವರದ ನಡುವೆ. ಹೆದ್ದಾರಿ 66 ಮನೆಯಿಂದ ಕೂಗಳತೆಯಲ್ಲಿದೆ. ಜುಲೈ ತಿಂಗಳು, ಜೋರು ಮಳೆ. ಮಾವ ಹಾಲು ತರಲು ಹೋಗಿ ವಾಪಸ್ ರಸ್ತೆ ದಾಟುತ್ತಿದ್ದರು. ನಾಲ್ಕು ಲೇನ್ ಆದಮೇಲೆ ವಯಸ್ಸಾದವರು ಇಲ್ಲಿ ರಸ್ತೆ ದಾಟುವುದು ಸುಲಭ ಇಲ್ಲ, ಕಣ್ಣಿಗೆ ದೂರ ಕಂಡ ಗಾಡಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಬೈಕ್ ಹೊಡೆಯಿತು. ಬೈಕಿನ ಹುಡುಗನ ಮೊಣಕೈ ತರಚಿತ್ತು ಅಷ್ಟೇ. ಮಾವನ ತೊಡೆಯ ಮೂಳೆ ಮುರಿದಿತ್ತು, ತಲೆಯ ಬಲಭಾಗ ರಸ್ತೆಗೆ ಬಡಿದಿತ್ತು. ಆದರೆ ಎಚ್ಚರ ಇತ್ತು. ನಾನು ಓಡಿ ಹೋದಾಗ "ಹಾಲಿನ ದುಡ್ಡು ಕೊಟ್ಟಾಗಿದೆ" ಅಂತ ಹೇಳಿದರು. ಮಾತಾಡುತ್ತಿದ್ದಾರಲ್ಲ, ತಲೆಗೆ ಏನೂ ಆಗಿಲ್ಲ ಅಂತ ನಾವೆಲ್ಲ ಸಮಾಧಾನ ಪಟ್ಟುಕೊಂಡೆವು.

ಇದೊಂದು ವಿಷಯ ಎಲ್ಲರೂ ತಿಳಿದುಕೊಳ್ಳಬೇಕು. ತಲೆಗೆ ಪೆಟ್ಟು ಬಿದ್ದವರು ಮಾತಾಡುತ್ತಿದ್ದಾರೆ ಅಂದರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ. ತಲೆಬುರುಡೆಯ ಒಳಗೆ, ಮೆದುಳಿನ ಹೊರ ಪೊರೆಯ ಮೇಲೆ ರಕ್ತನಾಳ ಹರಿದರೆ ರಕ್ತ ನಿಧಾನ ತುಂಬುತ್ತಾ ಹೋಗುತ್ತದೆ. ಮೊದಲ ಸ್ವಲ್ಪ ಹೊತ್ತು ಮನುಷ್ಯ ಸರಿಯಾಗೇ ಇರುತ್ತಾನೆ. ಆಮೇಲೆ ತಲೆನೋವು, ವಾಂತಿ, ಮಂಪರು. ಕೊನೆಗೆ ಒಂದು ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ಅಷ್ಟು ಹೊತ್ತಿಗೆ ಹೆಪ್ಪುಗಟ್ಟಿದ ರಕ್ತ ಮೆದುಳನ್ನು ಒತ್ತಿ ಹಿಡಿದಿರುತ್ತದೆ. ತಲೆಬುರುಡೆ ತೆರೆದು ಆ ರಕ್ತ ತೆಗೆದರೆ ಎದ್ದು ಕೂರುತ್ತಾರೆ, ತೆಗೆಯದಿದ್ದರೆ ಹೋಗುತ್ತಾರೆ. ಬೇರೆ ಔಷಧಿ ಅದಕ್ಕೆ ಇಲ್ಲ. ಮಾವನಿಗೆ ಆಗಿದ್ದು ಅದೇ.

ಮೊದಲು 108ರ ಬಗ್ಗೆ. ಫೋನ್ ಮಾಡಿದ 19 ನಿಮಿಷಕ್ಕೆ ಬಂದರು. ಆ ಮಳೆಯಲ್ಲಿ, ಹಳ್ಳಿ ಕಡೆ, 19 ನಿಮಿಷ ಅಂದರೆ ಒಳ್ಳೆಯದೇ. ಕರ್ನಾಟಕದಲ್ಲಿ ಈ ಸೇವೆ ಶುರುವಾಗಿದ್ದು 2008ರ ನವೆಂಬರ್ 1ರಂದು. ಅದಕ್ಕೂ ಮೊದಲು ನಮ್ಮ ಕಡೆ ಗಾಯ ಆದವರನ್ನು ಟೆಂಪೋದಲ್ಲಿ, ಮೀನು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ. ಗಾಡಿಯಲ್ಲಿ ಬಂದ ತಂತ್ರಜ್ಞ ಸಣ್ಣ ವಯಸ್ಸಿನವನು, ಇಪ್ಪತ್ತೈದು ಇರಬಹುದು. ನಾವು ನಾಲ್ಕು ಜನ ಮಾವನನ್ನು ಕೈಕಾಲು ಹಿಡಿದು ಎತ್ತಲು ಹೊರಟಿದ್ದೆವು. "ಯಾರೂ ಮುಟ್ಟಬೇಡಿ" ಅಂತ ಒಂದೇ ಮಾತು. ಕುತ್ತಿಗೆಗೆ ಕಾಲರ್ ಹಾಕಿದ, ಕಾಲಿಗೆ ಹಲಗೆ ಕಟ್ಟಿದ, ಹೊರಳಿಸದೆ ಬೋರ್ಡಿನ ಮೇಲೆ ತೆಗೆದುಕೊಂಡ. ತೊಡೆ ಮೂಳೆ ಮುರಿದರೆ ಒಳಗೇ ಲೀಟರಿಗೂ ಜಾಸ್ತಿ ರಕ್ತ ಹೋಗಬಹುದಂತೆ, ಹೊರಗೆ ಒಂದು ಹನಿಯೂ ಕಾಣದೆ. ಅಲುಗದ ಹಾಗೆ ಕಟ್ಟಿದರೆ ಆ ಸೋರಿಕೆ ಕಡಿಮೆ ಆಗುತ್ತದೆ. ಇದನ್ನೆಲ್ಲ ಅವನು ಗಾಡಿ ಹೊರಟ ಮೇಲೆ ನನಗೆ ಹೇಳಿದ, ನಾನು ಹೆದರಿದ್ದು ನೋಡಿ. ಇವರಿಗೆ ನನ್ನ ಐದಕ್ಕೆ ಐದು. ಹತ್ತು ಇದ್ದರೆ ಹತ್ತು.

ಬೈಕಿನ ಹುಡುಗನ ಬಗ್ಗೆಯೂ ಹೇಳಲೇಬೇಕು. ಅವನು ಓಡಿಹೋಗಲಿಲ್ಲ. 108ಕ್ಕೆ ಮೊದಲ ಫೋನ್ ಮಾಡಿದ್ದೇ ಅವನು. ಸುತ್ತ ನಿಂತವರಲ್ಲಿ ಇಬ್ಬರು "ಮುಟ್ಟಬೇಡ್ರೋ, ಪೊಲೀಸ್ ಕೇಸ್ ಆಗ್ತದೆ" ಅನ್ನುತ್ತಿದ್ದರು. ಗಾಯಾಳುವಿಗೆ ಸಹಾಯ ಮಾಡಿದವರನ್ನು ಪೊಲೀಸರಾಗಲಿ ಆಸ್ಪತ್ರೆಯಾಗಲಿ ಹಿಡಿದಿಟ್ಟುಕೊಳ್ಳುವಂತಿಲ್ಲ, ಹೆಸರು ಹೇಳು ಅಂತ ಬಲವಂತ ಮಾಡುವಂತೆಯೂ ಇಲ್ಲ. ಅದಕ್ಕೆ ಕಾನೂನೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಸೇರಿಸಿದ್ದು. ಇದು ಇನ್ನೂ ನಮ್ಮ ಊರಿನ ಬಸ್ ಸ್ಟ್ಯಾಂಡಿನವರೆಗೆ ತಲುಪಿಲ್ಲ ಅನ್ನಿಸಿ ಬೇಸರ ಆಯಿತು.

ಮುಂದೆ ಮೊದಲ ಆಸ್ಪತ್ರೆ. ಹೆಸರು ಬರೆಯುವುದಿಲ್ಲ. ಅಲ್ಲಿದ್ದ ಡಾಕ್ಟರ್ ಒಬ್ಬರೇ. ಅದೇ ಹೊತ್ತಿಗೆ ಒಂದು ಹೆರಿಗೆ, ಒಂದು ಹಾವು ಕಡಿತ, ಜ್ವರದ ಎರಡು ಮಕ್ಕಳು. ಅವರು ಓಡಾಡಿದ್ದು ನಾನು ಕಣ್ಣಾರೆ ನೋಡಿದ್ದೇನೆ, ಅವರ ಮೇಲೆ ನನಗೆ ಸಿಟ್ಟಿಲ್ಲ. ಡ್ರಿಪ್ ಹಾಕಿದರು, ರಕ್ತಸ್ರಾವ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಇಂಜೆಕ್ಷನ್ ಕೊಟ್ಟರು. ಪೆಟ್ಟು ಬಿದ್ದು ಮೂರು ತಾಸಿನ ಒಳಗೆ ಕೊಟ್ಟರೆ ಮಾತ್ರ ಅದರಿಂದ ಉಪಯೋಗ, ಬೆಲೆಯೂ ಜಾಸ್ತಿ ಇಲ್ಲ. ಸ್ಕ್ಯಾನ್ ಮಷೀನು ಆ ಕಟ್ಟಡದಲ್ಲೇ ಇತ್ತು. ಅದನ್ನು ನಡೆಸುವವರು ಮಾತ್ರ ಮನೆಗೆ ಹೋಗಿದ್ದರು. ಫೋನ್ ಮಾಡಿ ಕರೆಸಿದರು. ಅವರು ಮಳೆಯಲ್ಲಿ ಬೈಕಿನಲ್ಲಿ ಬಂದು, ಮಷೀನು ಬಿಸಿಯಾಗಿ, ಸ್ಕ್ಯಾನ್ ಮುಗಿಯುವಾಗ 9.15. ಮಾವ ಆಗಲೇ ಎರಡು ಸಲ ವಾಂತಿ ಮಾಡಿದ್ದರು, ಮಾತು ತೊದಲುತ್ತಿತ್ತು. ಡಾಕ್ಟರ್ ಪರದೆ ನೋಡಿ ನನ್ನ ಕಡೆ ತಿರುಗಿ "ಇದು ಇಲ್ಲಿ ಆಗುವುದಿಲ್ಲ, ಮಣಿಪಾಲಕ್ಕೆ ಹೊರಡಿ" ಅಂದರು.

ಉತ್ತರ ಕನ್ನಡದಲ್ಲಿ ಹುಟ್ಟಿದವರಿಗೆ ಆ ಮಾತು ಹೊಸದಲ್ಲ. ಹಾರ್ಟಿಗೆ, ತಲೆಗೆ, ಸುಟ್ಟ ಗಾಯಕ್ಕೆ, ಕಷ್ಟದ ಹೆರಿಗೆಗೆ, ಎಲ್ಲದಕ್ಕೂ ಆ ಒಂದೇ ಮಾತು.

ಹೊರಡಿ ಅಂದರು ನಿಜ, ಯಾವುದರಲ್ಲಿ ಹೊರಡುವುದು? ಅಷ್ಟು ದೂರಕ್ಕೆ ವೆಂಟಿಲೇಟರ್ ಇರುವ ಗಾಡಿ ಬೇಕು. ಹತ್ತಿರದಲ್ಲಿ ಇದ್ದದ್ದು ಖಾಸಗಿಯವರದ್ದು ಒಂದೇ, ಅದೂ ಬೇರೆ ರೋಗಿಯನ್ನು ಬಿಟ್ಟು ವಾಪಸ್ ಬರುತ್ತಿತ್ತು. ಕಾದೆವು. ಆ ಹೊತ್ತಿನಲ್ಲಿ ಮಾವನಿಗೆ ಉಸಿರಾಟಕ್ಕೆ ನಳಿಕೆ ಹಾಕಬೇಕಾಯಿತು. ಅರಿವಳಿಕೆ ಡಾಕ್ಟರ್ ಒಬ್ಬರು ತಮ್ಮ ಮನೆಯಿಂದ ಬಂದು ಹಾಕಿಕೊಟ್ಟರು, ಡ್ಯೂಟಿ ಇಲ್ಲದ ದಿನ, ಚಪ್ಪಲಿ ನೆನೆದುಹೋಗಿತ್ತು. ಅವರು ಬಾರದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಗಾಡಿ ಹೊರಟಾಗ 10.20.

ಖಾಸಗಿ ಆಂಬುಲೆನ್ಸಿಗೆ ಐದಕ್ಕೆ ಎರಡು. ಡ್ರೈವರ್ ಒಬ್ಬರಿಗಾಗಿ ಆ ಎರಡು. 14,000 ರೂಪಾಯಿ ಅಂದರು, ಅದರಲ್ಲಿ 8,000 ಮೊದಲೇ ಬೇಕು ಅಂದರು. ಆ ಹೊತ್ತಿನಲ್ಲಿ ಚೌಕಾಸಿ ಮಾಡುವ ಮನುಷ್ಯ ಯಾರಿದ್ದಾನೆ? ಅಕ್ಕಪಕ್ಕದ ಮನೆಯವರು ಫೋನಿನಲ್ಲಿ ಹಣ ಹಾಕಿದರು. ಜೊತೆಗೆ ಬಂದ ಸಹಾಯಕನಿಗೆ ವೆಂಟಿಲೇಟರ್ ಅಲಾರಂ ಹೊಡೆದಾಗ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಗುಂಡಿ ಒತ್ತಿ ಸದ್ದು ನಿಲ್ಲಿಸುತ್ತಿದ್ದ. ಮುರ್ಡೇಶ್ವರ ದಾಟುವಾಗ ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿತ್ತು. ಇನ್ನೊಂದು ಸಿಲಿಂಡರ್ ಇತ್ತು, ಆದರೆ ಅದನ್ನು ಬಿಚ್ಚುವ ಸ್ಪಾನರ್ ಸಿಗಲಿಲ್ಲ. ಡ್ರೈವರ್ ಗಾಡಿ ನಿಲ್ಲಿಸಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ತನ್ನ ಟೂಲ್ ಡಬ್ಬಿಯಿಂದ ಏನೋ ಒಂದು ತೆಗೆದು ಬಿಗಿ ಮಾಡಿದರು. ಅಷ್ಟು ಹೊತ್ತು ನಾನು ಕೈಯಿಂದ ಬಲೂನ್ ಒತ್ತುತ್ತಿದ್ದೆ. ಸಹಾಯಕ ಎಣಿಸುತ್ತಿದ್ದ. ಒಂದು, ಎರಡು, ಮೂರು, ಒತ್ತಿ. ನಾನು ಸ್ಟೇಷನರಿ ಅಂಗಡಿ ಇಟ್ಟುಕೊಂಡಿರುವವನು. ಒಬ್ಬ ಮನುಷ್ಯನ ಉಸಿರನ್ನು ನನ್ನ ಕೈಗೆ ಕೊಟ್ಟಿದ್ದರು.

ಭಟ್ಕಳ ದಾಟಿ ಶಿರೂರು ಟೋಲ್ ಬಂತು. ಡ್ರೈವರ್ ಅಲ್ಲಿ ಪೂರ್ತಿ ನಿಧಾನ ಮಾಡಿದರು. ಯಾಕೆ ಅಂತ ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದ ಆಂಬುಲೆನ್ಸ್ ಇದೇ ಟೋಲಿನಲ್ಲಿ, ಇಂಥದೇ ಮಳೆಯಲ್ಲಿ, ಜಾರಿ ಹೋಗಿ ಗೇಟಿನ ಬೂತಿಗೆ ಬಡಿದಿತ್ತು. ನಾಲ್ಕು ಜನ ಸತ್ತರು. ಟೋಲ್ ಸಿಬ್ಬಂದಿ ದಾರಿ ಬಿಡಿಸಲು ಬ್ಯಾರಿಕೇಡ್ ಎಳೆಯುತ್ತಿರುವುದು, ಗಾಡಿ ಗಿರ್ರನೆ ತಿರುಗಿದ್ದು, ಆ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ನಮ್ಮ ಜಿಲ್ಲೆಯ ಹುಡುಗರೆಲ್ಲ ಸೇರಿ ಆಸ್ಪತ್ರೆ ಬೇಕು ಅಂತ ಫೋನುಗಳಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದರು. ಆಸ್ಪತ್ರೆ ಇಲ್ಲದಿದ್ದರೆ ಮತ ಇಲ್ಲ ಅಂತ ಬರೆದರು. ನಾನೂ ಬರೆದಿದ್ದೆ. ಆ ರಾತ್ರಿ ಟೋಲ್ ದಾಟುವಾಗ ನನಗೆ ಅನ್ನಿಸಿದ್ದು ಒಂದೇ, ಆ ನಾಲ್ಕು ಜನರಿಗೆ ಆ ರಸ್ತೆಯಲ್ಲಿ ಇರುವ ಕೆಲಸವೇ ಇರಲಿಲ್ಲ. ಹತ್ತಿರದಲ್ಲಿ ಸರಿಯಾದ ಆಸ್ಪತ್ರೆ ಇದ್ದಿದ್ದರೆ ಆ ಗಾಡಿ ಶಿರೂರಿಗೆ ಬರುತ್ತಲೇ ಇರಲಿಲ್ಲ.

ಮಣಿಪಾಲ ಮುಟ್ಟಿದ್ದು 12.45ಕ್ಕೆ.

ಇನ್ನು ಒಳ್ಳೆಯ ಭಾಗ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಟ್ರಾಮಾ ಸೆಂಟರ್, ಅಂದರೆ ಜೋರು ಪೆಟ್ಟು ಬಿದ್ದವರಿಗೆ ತುರ್ತು ಚಿಕಿತ್ಸೆ ಕೊಡುವ ಜಾಗ, ಹೇಗಿರುತ್ತದೆ ಅಂತ ನನಗೆ ಅವತ್ತೇ ಅರ್ಥ ಆಗಿದ್ದು. ಅಲ್ಲಿಯವರೆಗೆ ಅದು ದೊಡ್ಡ ಕಟ್ಟಡ, ದೊಡ್ಡ ಬೋರ್ಡು ಅಂತ ತಿಳಿದಿದ್ದೆ. ಗಾಡಿಯ ಬಾಗಿಲು ತೆಗೆದಾಗ ಏಳೆಂಟು ಜನ ಕೈಗೆ ಗ್ಲೌಸ್ ಹಾಕಿಕೊಂಡು ನಿಂತಿದ್ದರು. ಮೊದಲ ಆಸ್ಪತ್ರೆಯ ಡಾಕ್ಟರ್ ಫೋನ್ ಮಾಡಿ, ಸ್ಕ್ಯಾನಿನ ಫೋಟೋ ಕಳಿಸಿದ್ದರಂತೆ. ಒಬ್ಬರು ತಲೆಯ ಹತ್ತಿರ ನಿಂತು ನಳಿಕೆ ಮಾತ್ರ ನೋಡುತ್ತಿದ್ದರು. ಒಬ್ಬರು ಎದೆ, ಒಬ್ಬರು ಹೊಟ್ಟೆಯ ಮೇಲೆ ಸ್ಕ್ಯಾನ್ ಯಂತ್ರ ಇಟ್ಟರು. ಒಬ್ಬರು ರಕ್ತ ತೆಗೆದುಕೊಂಡು ಓಡಿದರು. ಒಬ್ಬರು ಬಟ್ಟೆ ಕತ್ತರಿಸಿದರು. ಇನ್ನೊಬ್ಬರು ಏನೂ ಮಾಡದೆ ಕಾಲಿನ ಕಡೆ ನಿಂತು, ಎಲ್ಲರೂ ಕೂಗಿ ಹೇಳಿದ್ದನ್ನು ಬರೆದುಕೊಳ್ಳುತ್ತಾ, ಮುಂದೇನು ಅಂತ ಹೇಳುತ್ತಿದ್ದರು. ಅವರೇ ಮುಖ್ಯಸ್ಥರು ಅಂತ ಆಮೇಲೆ ಗೊತ್ತಾಯಿತು. ಗಲಾಟೆ ಇರಲಿಲ್ಲ. ಯಾರನ್ನೂ ಮನೆಯಿಂದ ಕರೆಸಲಿಲ್ಲ. ದುಡ್ಡು ಕಟ್ಟಿದ್ದೀರಾ ಅಂತಲೂ ಆ ಹೊತ್ತಿಗೆ ಯಾರೂ ಕೇಳಲಿಲ್ಲ. ಬಾಗಿಲಿಗೆ ಬಂದ 35 ನಿಮಿಷಕ್ಕೆ ಮಾವ ಓಟಿಯಲ್ಲಿದ್ದರು. ಆಪರೇಷನ್ ಒಂದು ತಾಸು ಮುಕ್ಕಾಲು.

ನಾನು ಹೊರಗೆ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಜೀವ ಉಳಿಸಿದ ಕೆಲಸಕ್ಕೆ ಎರಡು ತಾಸೂ ಬೇಕಾಗಲಿಲ್ಲ. ಅಲ್ಲಿಗೆ ತಲುಪುವುದಕ್ಕೆ ಐದು ತಾಸು ಬೇಕಾಯಿತು.

ಬೆಳಿಗ್ಗೆ ಡಾಕ್ಟರ್ ಹೊರಗೆ ಬಂದು ಮಾತಾಡಿದರು. ಬಲಗಡೆ ಒತ್ತಿದ್ದರಿಂದ ಎಡಗೈ ಎಡಗಾಲಿನ ಬಲ ಕಡಿಮೆ ಆಗಿದೆ, ಎಷ್ಟು ವಾಪಸ್ ಬರುತ್ತದೆ ನೋಡಬೇಕು ಅಂದರು. "ಬೇಗ ಬಂದಿದ್ದರೆ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಎಲ್ಲಿಂದ ಬಂದದ್ದು?" ಅಂತ ಕೇಳಿದರು. ಹೇಳಿದೆ. "ಅಲ್ಲಿಂದ ಇದಕ್ಕಿಂತ ಬೇಗ ಬರಲು ಆಗುವುದಿಲ್ಲ" ಅಂದರು.

ಈಗ ನಮ್ಮ ಜಿಲ್ಲೆಯ ನಕ್ಷೆ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ಜಾಗ. 2011ರ ಜನಗಣತಿಯಲ್ಲೇ 14 ಲಕ್ಷ ದಾಟಿದ ಜನ. ಭಟ್ಕಳದವರು ದಕ್ಷಿಣಕ್ಕೆ ಮಣಿಪಾಲ, ಮಂಗಳೂರಿಗೆ ಓಡುತ್ತಾರೆ. ಕಾರವಾರದವರು ಉತ್ತರಕ್ಕೆ ಗೋವಾದ ಬಾಂಬೋಲಿಂಗೆ. ಶಿರಸಿ, ಯಲ್ಲಾಪುರ, ಹಳಿಯಾಳದವರು ಘಟ್ಟದ ಮೇಲಿಂದ ಹುಬ್ಬಳ್ಳಿಗೆ. ಯಾವ ದಿಕ್ಕಿಗೆ ಹೋದರೂ ಜಿಲ್ಲೆಯ ಗಡಿ ದಾಟಬೇಕು. ಕುಮಟಾ, ಹೊನ್ನಾವರ, ಅಂಕೋಲಾದ ನಾವು ನಡುವೆ ಇದ್ದೇವೆ, ಹಾಗಾಗಿ ನಮಗೆ ಎಲ್ಲವೂ ದೂರ. ಕಾರವಾರದಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಒಳ್ಳೆಯದೇ ಆಯಿತು. ಆದರೆ ಕಾರವಾರ ಇರುವುದು ಜಿಲ್ಲೆಯ ತುತ್ತತುದಿಯಲ್ಲಿ. ಭಟ್ಕಳದವರಿಗೆ ಕಾರವಾರಕ್ಕಿಂತ ಉಡುಪಿಯೇ ಹತ್ತಿರ.

ದೊಡ್ಡವರಿಗೂ ಇದೇ ಗತಿ. 2021ರ ಜನವರಿ 11ರಂದು ಆಗಿನ ಕೇಂದ್ರ ಆಯುಷ್ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಂಕೋಲಾ ಹತ್ತಿರ ಅಪಘಾತಕ್ಕೆ ಸಿಕ್ಕಿತು. ಅವರ ಹೆಂಡತಿ, ಮತ್ತೆ ಅವರ ಆಪ್ತ ಸಹಾಯಕರು ತೀರಿಕೊಂಡರು. ಗಾಯಗೊಂಡ ಸಚಿವರನ್ನು ಗೋವಾದ ಮೆಡಿಕಲ್ ಕಾಲೇಜಿಗೆ ಕರೆದುಕೊಂಡು ಹೋಗಬೇಕಾಯಿತು. ದೇಶದ ಮಂತ್ರಿಗೂ ಬೇಕಾದ ಚಿಕಿತ್ಸೆ ಈ ಜಿಲ್ಲೆಯೊಳಗೆ ಸಿಗಲಿಲ್ಲ. 2025ರ ಜನವರಿ 22, ಬುಧವಾರ, ಕುಮಟಾ ಸಂತೆಗೆ ತರಕಾರಿ, ಹಣ್ಣು ತುಂಬಿಕೊಂಡು ಸವಣೂರಿನಿಂದ ಹೊರಟ ಲಾರಿ ಯಲ್ಲಾಪುರದ ಗುಳ್ಳಾಪುರ ಹತ್ತಿರ ಬೆಳಗಿನ ಜಾವ ಉರುಳಿತು. ಹತ್ತು ಜನ ಹೋದರು. ಗಾಯ ಆದವರು ಹುಬ್ಬಳ್ಳಿಗೆ ಹೋದರು. ಆ ಬುಧವಾರ ನಾನು ಸಂತೆಗೆ ಹೋಗಿದ್ದೆ. ಸವಣೂರಿನವರು ಕೂರುವ ಜಾಗ ಖಾಲಿ ಇತ್ತು. ಪ್ರತಿ ವಾರ ನಮಗೆ ಮೆಣಸಿನಕಾಯಿ ತೂಗಿ ಕೊಡುವವರು ಅವರು.

ಮತ್ತೆ ರಸ್ತೆಯೇ ಇಲ್ಲದ ದಿನಗಳೂ ಇವೆಯಲ್ಲ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ (ಟೋಲ್ ಇರುವ ಶಿರೂರು ಬೇರೆ) ಗುಡ್ಡ ಜಾರಿತು, ಹೆದ್ದಾರಿ ದಿನಗಟ್ಟಲೆ ಬಂದ್. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಗೋವಾಕ್ಕೆ ಹೋಗುವ ದಾರಿ ಅದು. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟದ ಕಥೆ ಬೇರೆ ಹೇಳಬೇಕಾಗಿಲ್ಲ. ಹೊರಗಿನ ಆಸ್ಪತ್ರೆಗಳನ್ನು ನಂಬಿಕೊಂಡಿರುವ ಜಿಲ್ಲೆಗೆ ಒಂದು ಗುಡ್ಡ ಜಾರಿದರೆ ಸಾಕು, ಆಸ್ಪತ್ರೆಗೇ ದಾರಿ ಇಲ್ಲ.

ಮಂಗಳೂರಿನಲ್ಲಿ ಐಸಿಯು ನರ್ಸ್ ಆಗಿರುವ ನನ್ನ ತಂಗಿ ಒಬ್ಬಳಿದ್ದಾಳೆ. ನಮ್ಮ ಜಿಲ್ಲೆಯೊಳಗೇ ಒಂದು ಟ್ರಾಮಾ ಸೆಂಟರ್ ಬೇಕು ಅಂದಿದ್ದಕ್ಕೆ ಅವಳ ಜೊತೆ ಜಗಳವೇ ಆಯಿತು. ಅವಳು ಹೇಳುವುದು ಹೀಗೆ: "ಅಣ್ಣ, ಕಟ್ಟಡ ಕಟ್ಟಿದರೆ ಟ್ರಾಮಾ ಸೆಂಟರ್ ಆಗುವುದಿಲ್ಲ. ನರರೋಗ ಸರ್ಜನ್ ಒಬ್ಬರು ಬಂದರೆ ಸಾಲದು, ದಿನದ 24 ತಾಸು ಬೇಕಾದರೆ ಮೂರು ನಾಲ್ಕು ಜನ ಬೇಕು. ಅವರು ಕುಮಟಾದಲ್ಲಿ ಯಾಕೆ ಇರುತ್ತಾರೆ? ತಿಂಗಳಿಗೆ ಬೆರಳೆಣಿಕೆಯ ಕೇಸ್ ಬಂದರೆ ಇಡೀ ತಂಡದ ಕೈ ತುಕ್ಕು ಹಿಡಿಯುತ್ತದೆ. ಅಂಥ ಕಡೆ ಆಪರೇಷನ್ ಆಗುವುದಕ್ಕಿಂತ ದೂರ ಹೋಗಿ ಅನುಭವ ಇರುವವರ ಕೈಗೆ ಸಿಗುವುದೇ ಒಳ್ಳೆಯದು."

ಅವಳ ಮಾತಿನಲ್ಲಿ ಸತ್ಯ ಇದೆ. ನಾನು ಎರಡು ವಾರ ಯೋಚನೆ ಮಾಡಿದೆ. ಆಮೇಲೆ ನನಗೆ ಅನ್ನಿಸಿದ್ದು, ನಾವು ಇಷ್ಟು ವರ್ಷ ಕೇಳಿದ್ದೇ ಸ್ವಲ್ಪ ತಪ್ಪಾಗಿ ಕೇಳಿದ್ದೇವೆ. "ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು" ಅಂತ ಕೇಳಿದೆವು. ಆ ಮಾತು ಕೇಳಿದ ಕೂಡಲೇ ನೂರಾರು ಕೋಟಿ, ಎಕರೆಗಟ್ಟಲೆ ಜಾಗ, ಯಾವ ತಾಲೂಕಿಗೆ ಅನ್ನುವ ಜಗಳ ಶುರುವಾಗುತ್ತದೆ. ಪ್ರತಿ ಚುನಾವಣೆಗೆ ಅದೇ ಭರವಸೆ ಬರುತ್ತದೆ. ಮಾವನಿಗೆ ಆ ರಾತ್ರಿ ಮೊದಲ ಎರಡು ತಾಸಿನಲ್ಲಿ ಬೇಕಾಗಿದ್ದು ಏನು ಅಂತ ನೋಡಿ. ಸ್ಕ್ಯಾನ್ ಮಾಡುವವರು ಮನೆಯಲ್ಲಲ್ಲ, ಆಸ್ಪತ್ರೆಯಲ್ಲಿ ಇರಬೇಕಿತ್ತು. ಅಲ್ಲೇ ಐವತ್ತು ನಿಮಿಷ ಉಳಿಯುತ್ತಿತ್ತು. ಅರಿವಳಿಕೆ ಡಾಕ್ಟರ್ ರಾತ್ರಿ ಪಾಳಿಯಲ್ಲಿ ಇರಬೇಕಿತ್ತು. ವೆಂಟಿಲೇಟರ್ ಗಾಡಿ ಆಸ್ಪತ್ರೆಯದ್ದೇ ಆಗಿ, ಅದರಲ್ಲಿ ತರಬೇತಿ ಆದವರು ಇರಬೇಕಿತ್ತು. ಅಲ್ಲಿ ಇನ್ನೊಂದು ತಾಸು. ಅಷ್ಟು ಇದ್ದಿದ್ದರೆ ಮಣಿಪಾಲಕ್ಕೇ ಹೋದರೂ ಹತ್ತಿರ ಹತ್ತಿರ ಎರಡು ತಾಸು ಮೊದಲು ಓಟಿಯಲ್ಲಿ ಇರುತ್ತಿದ್ದರು.

ಇನ್ನು ಎಷ್ಟೋ ಗಾಯಾಳುಗಳಿಗೆ ನರರೋಗ ಸರ್ಜನ್ ಬೇಕಾಗುವುದೇ ಇಲ್ಲ. ಪಕ್ಕೆಲುಬು ಚುಚ್ಚಿ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡರೆ ಎದೆಗೆ ಒಂದು ನಳಿಕೆ ಹಾಕಬೇಕು, ಅದು ನಿಮಿಷಗಳ ಕೆಲಸ, ಆದರೆ ಮಾಡದಿದ್ದರೆ ಸಾವೂ ನಿಮಿಷಗಳಲ್ಲೇ. ಹೊಟ್ಟೆಯೊಳಗೆ ಗುಲ್ಮ ಒಡೆದರೆ ಸಾಮಾನ್ಯ ಸರ್ಜನ್ ಸಾಕು, ಆದರೆ ರಕ್ತ ಬೇಕು. ಮಧ್ಯರಾತ್ರಿ ಕೇಳಿದಾಗ ನಾಲ್ಕು ಬಾಟಲಿ ಕೊಡುವ ರಕ್ತನಿಧಿ ಬೇಕು. ಇವರೆಲ್ಲ 130 ಕಿಲೋಮೀಟರ್ ತಡೆದುಕೊಳ್ಳುವುದಿಲ್ಲ. ತಂಗಿ ಇದನ್ನು ಒಪ್ಪಿದಳು. "ಮೊದಲು ಸೋರುವುದನ್ನು ನಿಲ್ಲಿಸಿ ಆಮೇಲೆ ಕಳಿಸುವ ಜಾಗ ಬೇಕು ಅಂತೀಯಾ, ಅದಕ್ಕೆ ನನ್ನ ವಿರೋಧ ಇಲ್ಲ" ಅಂದಳು.

ಕೇಸು ಕಡಿಮೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಟ್ರಾಮಾ ಅಂದರೆ ಬರೀ ಹೆದ್ದಾರಿ ಅಪಘಾತ ಅಂತ ನಗರದವರು ತಿಳಿದಿರುತ್ತಾರೆ. ನಮ್ಮಲ್ಲಿ ಅಡಿಕೆ ಕೊನೆ ಕೊಯ್ಯುವ ಕಾಲ ಬಂದರೆ ಮರದಿಂದ ಬೀಳುವವರು ಎಷ್ಟು ಜನ ಅಂತ ಶಿರಸಿ, ಸಿದ್ದಾಪುರ, ಹೊನ್ನಾವರದ ಯಾವ ಮನೆಯವರನ್ನಾದರೂ ಕೇಳಿ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಜಾರುವ ಮರ ಹತ್ತುತ್ತಾರೆ. ನಲವತ್ತು ಐವತ್ತು ಅಡಿ ಮೇಲಿಂದ ಬಿದ್ದರೆ ಬೆನ್ನುಮೂಳೆ. ನಮ್ಮ ಊರಲ್ಲೇ ಇಬ್ಬರು ಸೊಂಟದ ಕೆಳಗೆ ಸ್ವಾಧೀನ ಇಲ್ಲದೆ ಮಲಗಿದ್ದಾರೆ. ಬಿದ್ದವರನ್ನು ತೋಟದಿಂದ ರಸ್ತೆಗೆ ಕಂಬಳಿಯಲ್ಲಿ ಹೊತ್ತು ತಂದಿದ್ದರು. ಬೆನ್ನಿಗೆ ಪೆಟ್ಟಾದವರನ್ನು ಹಾಗೆ ಹೊರಬಾರದು ಅಂತ ಹೊತ್ತವರಿಗೆ ಯಾರು ಹೇಳಿಕೊಟ್ಟಿದ್ದರು? ಇನ್ನು ತೆಂಗಿನ ಮರ, ಮೀನುಗಾರಿಕೆ ಬೋಟಿನ ಹಗ್ಗ, ಕಲ್ಲು ಕ್ವಾರಿ, ಗೋಕರ್ಣದ ಬಂಡೆ ಮೇಲಿಂದ ಜಾರುವ ಪ್ರವಾಸಿಗರು. ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇದೆ, ಕಾರವಾರದಲ್ಲಿ ನೌಕಾನೆಲೆ ಇದೆ, ಕಾಮಗಾರಿಗಳು ಇನ್ನೂ ಬೆಳೆಯುತ್ತಲೇ ಇವೆ. ಜಿಲ್ಲೆ ಬೆಳೆಯುತ್ತಿದೆ, ರಸ್ತೆಯಲ್ಲಿ ವೇಗ ಬಂದಿದೆ. ಬಿದ್ದವರನ್ನು ಎತ್ತುವ ವ್ಯವಸ್ಥೆ ಮಾತ್ರ ಎರಡು ಲೇನಿನ ಕಾಲದಲ್ಲೇ ಉಳಿದಿದೆ.

ಇದೇನು ನನ್ನ ಸ್ವಂತ ಕಲ್ಪನೆ ಅಲ್ಲ. ಗಾಯಾಳುವನ್ನು 50 ಕಿಲೋಮೀಟರಿಗಿಂತ ದೂರ ಸಾಗಿಸಬೇಕಾಗಬಾರದು, ಹೆದ್ದಾರಿಯಲ್ಲಿ 100 ಕಿಲೋಮೀಟರಿಗೊಂದು ಟ್ರಾಮಾ ಕೇಂದ್ರ ಇರಬೇಕು ಅನ್ನುವುದು ಕೇಂದ್ರ ಆರೋಗ್ಯ ಇಲಾಖೆಯೇ ತನ್ನ ಯೋಜನೆಯಲ್ಲಿ ಇಟ್ಟುಕೊಂಡ ಗುರಿ. ಪೆಟ್ಟು ಬಿದ್ದ ಮೊದಲ ಒಂದು ತಾಸನ್ನು ಗೋಲ್ಡನ್ ಅವರ್ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಮಾವನ ಆ ಒಂದು ತಾಸು ಸ್ಕ್ಯಾನ್ ಮಾಡುವವರನ್ನು ಕಾಯುವಾಗಲೇ ಮುಗಿದುಹೋಗಿತ್ತು.

ಇಂಥ ಕೇಂದ್ರ ಎಲ್ಲಿ ಆಗಬೇಕು ಅಂತ ಕೇಳಿದರೆ, ಅಂಕೋಲಾದಿಂದ ಹೊನ್ನಾವರದ ಒಳಗೆ ಎಲ್ಲಾದರೂ ಸರಿ. ನಮ್ಮ ತಾಲೂಕಿಗೇ ಬೇಕು ಅಂತ ನನ್ನ ಹಟ ಇಲ್ಲ. ಕರಾವಳಿಯ ನಡುವೆ, ಶಿರಸಿ ಮತ್ತು ಯಲ್ಲಾಪುರದ ರಸ್ತೆ ಇಳಿದು ಹೆದ್ದಾರಿ ಸೇರುವ ಕಡೆ ಇರಬೇಕು ಅಷ್ಟೇ. ಈಗಿರುವ ಆಸ್ಪತ್ರೆಯ ಪಕ್ಕದಲ್ಲೇ ಕಟ್ಟಿದರೂ ಆದೀತು. ಡಾಕ್ಟರುಗಳು ಬರುವುದಿಲ್ಲ ಅನ್ನುವವರಿಗೆ ನನ್ನ ಉತ್ತರ, ಒಬ್ಬರನ್ನೇ ಕರೆದರೆ ಬರುವುದಿಲ್ಲ. ಒಂಟಿಯಾಗಿ 24 ತಾಸು ದುಡಿಸಿದರೆ ಯಾರು ನಿಲ್ಲುತ್ತಾರೆ? ತಂಡವಾಗಿ ಕರೆಯಬೇಕು, ಇರಲು ಒಳ್ಳೆಯ ಮನೆ ಕೊಡಬೇಕು, ಪಾಳಿ ಮುಗಿದ ಮೇಲೆ ನಿಜವಾಗಿ ರಜೆ ಕೊಡಬೇಕು. ಕಾರವಾರದಲ್ಲಿ ಕಲಿಯುವ ಹುಡುಗ ಹುಡುಗಿಯರನ್ನು ಇಲ್ಲಿ ತರಬೇತಿಗೆ ಹಾಕಬಹುದು. ಹೊರಗಿನ ದೊಡ್ಡ ಆಸ್ಪತ್ರೆಗಳ ಸರ್ಜನ್‌ಗಳು ಸ್ಕ್ಯಾನ್ ಚಿತ್ರವನ್ನು ಅಲ್ಲಿಂದಲೇ ನೋಡಿ ಹೇಳಬಹುದು, ಆ ರಾತ್ರಿ ಒಂದು ಫೋಟೋದಿಂದಲೇ ಎಷ್ಟು ಉಪಕಾರ ಆಯಿತು ಅಂತ ನಾನು ನೋಡಿದ್ದೇನೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಬೇರೆಯವರಿಗೆ ಉಪಯೋಗ ಆಗಲಿ ಅಂತ. ಕರ್ನಾಟಕದಲ್ಲಿ 2016ರಲ್ಲಿ ಶುರುವಾದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯಲ್ಲಿ ರಸ್ತೆ ಅಪಘಾತದ ಮೊದಲ 48 ತಾಸಿನ ಚಿಕಿತ್ಸೆಗೆ 25,000 ರೂಪಾಯಿವರೆಗೆ ಇತ್ತು. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಬಂದಿದೆ, ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ, ಕೈಯಿಂದ ಕಟ್ಟುವ ಹಾಗಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಮೊದಲೇ ಬಾಯಿಬಿಟ್ಟು ಕೇಳಿ. ಪೊಲೀಸ್ ಠಾಣೆಗೆ ಅವತ್ತೇ ವಿಷಯ ತಿಳಿಸಿ. ವೆಂಟಿಲೇಟರ್ ಗಾಡಿ ಹತ್ತುವ ಮೊದಲು ಎರಡು ಸಿಲಿಂಡರ್ ತುಂಬಿವೆಯಾ, ಸ್ಪಾನರ್ ಎಲ್ಲಿದೆ, ಜೊತೆಗೆ ಬರುವವರಿಗೆ ಮಷೀನು ಗೊತ್ತಾ ಅಂತ ಕೇಳಿ. ಕೇಳಲು ಸಂಕೋಚ ಬೇಡ. ಗಾಡಿ ಹೊರಡುವ ಮೊದಲೇ ಮುಂದಿನ ಆಸ್ಪತ್ರೆಗೆ ಡಾಕ್ಟರಿಂದ ಫೋನ್ ಮಾಡಿಸಿ, ಸ್ಕ್ಯಾನ್ ಫೋಟೋ ಕಳಿಸಿ. ನಮ್ಮನ್ನು ಉಳಿಸಿದ್ದು ಅದು.

ಒಟ್ಟು ಅಂಕ ಎಷ್ಟು ಕೊಡಲಿ? 108ಕ್ಕೆ ಐದು. ಮಣಿಪಾಲದ ಆ ರಾತ್ರಿಯ ತಂಡಕ್ಕೆ ಐದು. ಮನೆಯಿಂದ ನೆನೆದುಕೊಂಡು ಬಂದ ಅರಿವಳಿಕೆ ಡಾಕ್ಟರಿಗೆ ಅಂಕ ಕೊಡುವ ಯೋಗ್ಯತೆ ನನಗಿಲ್ಲ. ಖಾಸಗಿ ಗಾಡಿಗೆ ಎರಡು. ನಡುವಿನ 130 ಕಿಲೋಮೀಟರಿಗೆ ಸೊನ್ನೆ.

ಮಾವ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ಎಡಗೈಯಲ್ಲಿ ಲೋಟ ಹಿಡಿದರೆ ಚಹಾ ಸ್ವಲ್ಪ ಚೆಲ್ಲುತ್ತದೆ. ದಿನಾ ಮಧ್ಯಾಹ್ನ ಒಂದು ಪಾತ್ರೆಯಲ್ಲಿ ಅಕ್ಕಿ ಹಾಕಿಕೊಂಡು ಎಡಗೈ ಬೆರಳಿಂದ ಹೆಕ್ಕುವ ಅಭ್ಯಾಸ ಮಾಡುತ್ತಾರೆ, ಫಿಸಿಯೋ ಹೇಳಿಕೊಟ್ಟದ್ದು. ಮೊನ್ನೆ ಭಾನುವಾರ ಆಂಬುಲೆನ್ಸ್ ಡ್ರೈವರ್ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳಿದರು. ಅವರು ಆಗ ಮರವಂತೆ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದ್ದರಂತೆ, ವಾಪಸ್ ಬರುವ ದಾರಿಯಲ್ಲಿ. ಆ ತಿಂಗಳಲ್ಲಿ ಮಣಿಪಾಲಕ್ಕೆ ಅದು ಹನ್ನೊಂದನೇ ಸಲ ಅಂದರು. ಹನ್ನೊಂದರಲ್ಲಿ ಎಷ್ಟು ಜನ ಅಂತ ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಫೋನನ್ನು ಮಾವನ ಕೈಗೆ ಕೊಟ್ಟೆ.